ಮಗಳ ಆರ್ಟ್ ಪೋರ್ಟ್‌ಫೋಲಿಯೋ: "ಇದರಲ್ಲಿ ನಿನ್ನ ಸಂಸ್ಕೃತಿ ಎಲ್ಲಿ?" ಅಂತ ಕೇಳ್ತಾರೆ, ಏನು ಹೇಳೋದು?

ಮೇರಿಲ್ಯಾಂಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ಚಿತ್ರಕಲೆ ಅಷ್ಟಾಗಿ ತಿಳಿಯಲ್ಲ. ಮಗಳಿಗೆ ಮಾತ್ರ ಅದೇ ಪ್ರಾಣ. ಹೈಸ್ಕೂಲಿನ ಕೊನೆಯ ವರ್ಷ ನಡೀತಿದೆ, ಆರ್ಟ್ ಕಾಲೇಜುಗಳಿಗೆ ಪೋರ್ಟ್‌ಫೋಲಿಯೋ ಕಳಿಸಬೇಕು.

ಅವಳು ಬಿಡಿಸೋದು ಪಾರ್ಕಿಂಗ್ ಲಾಟುಗಳನ್ನು. ರಾತ್ರಿ ಹೊತ್ತು, ಮಳೆ ನಿಂತ ಮೇಲೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ. ಒದ್ದೆ ಡಾಂಬರಿನ ಮೇಲೆ ಕೆಂಪು, ಹಸಿರು ಬೋರ್ಡುಗಳ ಬೆಳಕು ಕಲಸಿಕೊಂಡಿರುತ್ತದೆ. ಮೂಲೆಯಲ್ಲಿ ಯಾರೋ ಬಿಟ್ಟುಹೋದ ಶಾಪಿಂಗ್ ಕಾರ್ಟ್. ಮನುಷ್ಯರೇ ಇರಲ್ಲ. ನನಗಂತೂ ತುಂಬಾ ಇಷ್ಟ.

ಆದರೆ ಅವಳ ಟೀಚರ್ "ಕೈ ಚೆನ್ನಾಗಿದೆ, ಆದರೆ ಇದರಲ್ಲಿ ನೀನೆಲ್ಲಿದ್ದೀಯ? ನಿನ್ನ ಸಂಸ್ಕೃತಿ ಎಲ್ಲಿ?" ಅಂದರಂತೆ. ಪೋರ್ಟ್‌ಫೋಲಿಯೋ ನೋಡಲು ದುಡ್ಡು ಕೊಟ್ಟು ಹಿಡಿದ ಕೋಚ್ ಇನ್ನೂ ನೇರವಾಗಿ ಹೇಳಿದರು: ಮೆಹಂದಿ ಹಾಕಿದ ಕೈ, ಸೀರೆ, ಅಜ್ಜಿಯ ಮುಖ, ಇಂಥದ್ದು ಎರಡು ಮೂರು ಇರಲಿ. ಮಗಳು ಸಿಟ್ಟಿನಲ್ಲಿ ಊಟ ಬಿಟ್ಟು ಎದ್ದಳು. "ನನ್ನ ಪಕ್ಕ ಕೂರೋ ಬಿಳಿ ಹುಡುಗ ಕಾರಿನ ಬಂಪರ್ ಬಿಡಿಸ್ತಾನೆ. ಅವನನ್ನು ಯಾರೂ ನಿನ್ನ ಸಂಸ್ಕೃತಿ ಎಲ್ಲಿ ಅಂತ ಕೇಳಲ್ಲ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಕಡೆ ಮ್ಯೂಸಿಯಂಗೆ ಹೋದರೆ ಹೊಸ ಕೆಲಸಗಳಲ್ಲಿ ಜಾಸ್ತಿ ಕಾಣೋದು ಅದೇ: ಜನಾಂಗ, ವಲಸೆ, ಕಳೆದುಕೊಂಡ ನೆಲ. ಹಾಗಾದರೆ ಟೀಚರ್ ಹೇಳಿದ್ದೇ ಸರಿಯಾ? ಇದು ಈಗಿನ ಫ್ಯಾಷನ್ನಾ? ನನ್ನ ಗಂಡ "ಒಂದು ದೇವರ ಚಿತ್ರ ಬರೆದು ಹಾಕು, ಸೀಟು ಸಿಗುತ್ತೆ" ಅಂತಾರೆ. ತಿಳಿದವರು ಹೇಳಿ. ವಾಷಿಂಗ್ಟನ್ ನಮಗೆ ಹತ್ತಿರ. ಅವಳನ್ನು ಕರ್ಕೊಂಡು ಹೋಗಿ ತೋರಿಸುವಂಥದ್ದು ಇದ್ದರೆ ಅದನ್ನೂ ತಿಳಿಸಿ.

ಜರ್ಸಿ_ರಘು

ಅಕ್ಕ, ನಿಮ್ಮ ಯಜಮಾನರು ಹೇಳಿದ್ದರಲ್ಲಿ ತಪ್ಪೇನಿದೆ? 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಕೇಸಿನಲ್ಲಿ, ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ತೀರ್ಪು ಕೊಟ್ಟಿತು. ಆದರೆ ಅದೇ ತೀರ್ಪಿನಲ್ಲಿ, ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ತಾನೇ ಬರೆದರೆ ಕಾಲೇಜು ಅದನ್ನು ಪರಿಗಣಿಸಬಹುದು ಅಂತಲೂ ಇದೆ. ಅಂದರೆ ಈಗ ಎಲ್ಲ ಭಾರ ಕಥೆಯ ಮೇಲೆ. ಕಥೆ ಕೊಡಿ, ಸೀಟು ತಗೊಳ್ಳಿ. ಒಳಗೆ ಹೋದಮೇಲೆ ಬೇಕಾದಷ್ಟು ಪಾರ್ಕಿಂಗ್ ಲಾಟ್ ಬಿಡಿಸಲಿ. ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನೂ ಇಲ್ಲ.

ಭಾನುವಾರದ_ಗೈಡ್

ರಘು ಅವರ ಲೆಕ್ಕ ಸೀಟಿನ ಮಟ್ಟಿಗೆ ಸರಿ ಇರಬಹುದು. ಆದರೆ ಇಷ್ಟವಿಲ್ಲದೆ ಬಿಡಿಸಿದ ಮೆಹಂದಿ ಕೈ ಇಷ್ಟವಿಲ್ಲದೆ ಬಿಡಿಸಿದ ಹಾಗೇ ಕಾಣುತ್ತದೆ. ಪೋರ್ಟ್‌ಫೋಲಿಯೋ ನೋಡುವವರು ಅಂಥ ಕೈಗಳನ್ನು ರಾಶಿಗಟ್ಟಲೆ ನೋಡಿರುತ್ತಾರೆ.

ನಾನು ರಿಟೈರ್ ಆದವನು. ವಾಷಿಂಗ್ಟನ್‌ನ ಒಂದು ಮ್ಯೂಸಿಯಂನಲ್ಲಿ ಭಾನುವಾರಗಳಂದು ಬಿಟ್ಟಿ ಗೈಡ್ ಕೆಲಸ ಮಾಡುತ್ತೇನೆ. ಮೊದಲು ಮಗಳಿಗೆ ಒಂದು ಹೇಳಿ ಮೇಡಂ: ಈ ಸಿಟ್ಟು ಅವಳೊಬ್ಬಳದ್ದಲ್ಲ. ಅಮೆರಿಕದ ಕಪ್ಪು ಕಲಾವಿದರು ಇದನ್ನು ಬಹಳ ಹಿಂದೆಯೇ ನುಂಗಿಕೊಂಡವರು. ಒಂದು ಕಡೆ ಬಿಳಿಯರ ಗ್ಯಾಲರಿಗಳು ಅವರಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಇನ್ನೊಂದು ಕಡೆ 60ರ ದಶಕದ ಕೊನೆಗೆ ಅವರ ಜನರೇ "ಹೋರಾಟ ನಡೀತಿರುವಾಗ ನೀನು ಸುಮ್ನೆ ಬಣ್ಣ ಬಳೀತಾ ಕೂತಿದ್ದೀಯಲ್ಲ" ಅಂತ ಬೈದರು.

ಆಲ್ಮಾ ಥಾಮಸ್ ಅವರ ಕೆಲಸ ತೋರಿಸಿ. ವಾಷಿಂಗ್ಟನ್‌ನವರೇ. ಹೋವರ್ಡ್ ವಿಶ್ವವಿದ್ಯಾಲಯದ ಆರ್ಟ್ ವಿಭಾಗದಿಂದ 1924ರಲ್ಲಿ ಪದವಿ ಪಡೆದ ಮೊದಲ ವಿದ್ಯಾರ್ಥಿನಿ. ಆಮೇಲೆ ಶಾ ಜೂನಿಯರ್ ಹೈಸ್ಕೂಲಿನಲ್ಲಿ 35 ವರ್ಷ ಡ್ರಾಯಿಂಗ್ ಟೀಚರ್. 1960ರಲ್ಲಿ ರಿಟೈರ್ ಆದಮೇಲೆಯೇ ಪೂರ್ತಿಯಾಗಿ ಚಿತ್ರಕ್ಕೆ ಕೂತದ್ದು. ಮನೆಯ ಕಿಟಕಿಯಾಚೆ "ಹಾಲಿ" (holly) ಅನ್ನುವ ಜಾತಿಯ ಒಂದು ಮರ. ಅದರ ಎಲೆಗಳ ಸಂದಿಯಿಂದ ಬೆಳಕು ಬೀಳುವುದನ್ನು ನೋಡುತ್ತಾ ಬಣ್ಣದ ಪುಟ್ಟ ಪುಟ್ಟ ಪಟ್ಟಿಗಳನ್ನು ಸಾಲು ಸಾಲಾಗಿ, ಸುತ್ತು ಸುತ್ತಾಗಿ ಹಾಕುತ್ತಾ ಹೋದರು. ಹೂದೋಟ, ಗ್ರಹಣ, ಅಪೊಲೊ ನೌಕೆ, ಇವು ಅವರ ವಿಷಯ. ಮನುಷ್ಯ ಮನುಷ್ಯನಿಗೆ ಮಾಡುವ ಕ್ರೌರ್ಯಕ್ಕಿಂತ ಚೆಲುವಿನ ಕಡೆ ಗಮನ ಕೊಡುತ್ತೇನೆ ಅಂತ ಅವರೇ ಹೇಳಿದ್ದರು. 1972ರಲ್ಲಿ, 80ರ ವಯಸ್ಸಿನಲ್ಲಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರೊಬ್ಬರದ್ದೇ ಪ್ರದರ್ಶನ ನಡೆಯಿತು. ಕಪ್ಪು ಮಹಿಳೆಯೊಬ್ಬರಿಗೆ ಅಲ್ಲಿ ಅದೇ ಮೊದಲು. ಆ ಕ್ಯಾನ್ವಾಸುಗಳಲ್ಲಿ "ಸಂಸ್ಕೃತಿ ಎಲ್ಲಿ" ಅಂತ ಹುಡುಕಿದರೆ ಒಂದು ಎಳೆಯೂ ಸಿಗುವುದಿಲ್ಲ.

ಸ್ಯಾಮ್ ಗಿಲಿಯಮ್ ಕೂಡ ಹಾಗೇ. ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದಲ್ಲಿ, ಬಾಳಿದ್ದು ವಾಷಿಂಗ್ಟನ್‌ನಲ್ಲಿ. 60ರ ದಶಕದ ಕೊನೆಯಲ್ಲಿ ಕ್ಯಾನ್ವಾಸನ್ನು ಮರದ ಚೌಕಟ್ಟಿನಿಂದಲೇ ಬಿಡಿಸಿ ಚಾವಣಿಯಿಂದ ಇಳಿಬಿಟ್ಟ ಮನುಷ್ಯ. ಅವರ "ಏಪ್ರಿಲ್ 4" ಸ್ಮಿತ್ಸೋನಿಯನ್ (ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಮ್ಯೂಸಿಯಂಗಳ ಸಂಸ್ಥೆ) ಅಮೆರಿಕನ್ ಆರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. 1969ರದ್ದು. ದೂರದಿಂದ ನೋಡಿದರೆ ನೇರಳೆ, ಗುಲಾಬಿ ಮಂಜು. ಹತ್ತಿರ ಹೋದರೆ ಬಟ್ಟೆಯನ್ನು ಒದ್ದೆ ಇರುವಾಗಲೇ ಮಡಿಚಿಟ್ಟ ಗೆರೆಗಳು ಕಾಣುತ್ತವೆ. ಬಣ್ಣ ಮಡಿಕೆಯಲ್ಲಿ ಇಂಗಿದೆ, ಬ್ರಷ್ ಗುರುತು ಎಲ್ಲೂ ಇಲ್ಲ. ಅಲ್ಲಲ್ಲಿ ಕಡುಗೆಂಪು ಕಲೆಗಳು ಬಟ್ಟೆಯೊಳಗಿಂದ ಒಸರಿದ ಹಾಗಿವೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದದ್ದು 1968ರ ಏಪ್ರಿಲ್ 4ರಂದು. ಆ ರಾತ್ರಿಯಿಂದ ಈ ಊರಿನ 14ನೇ ಬೀದಿ, 7ನೇ ಬೀದಿ ಹೊತ್ತಿ ಉರಿದವು. ಚಿತ್ರದಲ್ಲಿ ಮುಖವಿಲ್ಲ, ಘೋಷಣೆ ಇಲ್ಲ. ತಾರೀಕು ಓದಿದ ತಕ್ಷಣ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ನಾನು ಗಮನಿಸಿದ್ದೇನೆ.

ಹಾಗಂತ ಗುರುತನ್ನು ನೇರವಾಗಿ ಹಿಡಿದವರದ್ದು ಕಡಿಮೆ ಕೆಲಸ ಅಂತಲ್ಲ. ನಿಮ್ಮ ಮೇರಿಲ್ಯಾಂಡಿನಲ್ಲೇ ನಡೆದದ್ದು ಹೇಳುತ್ತೇನೆ. ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ, 1992. ಫ್ರೆಡ್ ವಿಲ್ಸನ್ ಅನ್ನುವ ಕಲಾವಿದನನ್ನು ಕರೆದು, ನಮ್ಮ ಸಂಗ್ರಹ ಬಳಸಿ ಏನಾದರೂ ಮಾಡು ಅಂದರು. ಆತ ಒಂದೇ ಒಂದು ಚಿತ್ರ ಬಿಡಿಸಲಿಲ್ಲ. ಅವರದ್ದೇ ಉಗ್ರಾಣಕ್ಕೆ ಇಳಿದ, ಅಲ್ಲಿದ್ದದ್ದನ್ನು ಮೇಲೆ ತಂದ, ಜಾಗ ಬದಲಾಯಿಸಿದ, ಹೊಸ ಲೇಬಲ್ ಬರೆದ. ಅಷ್ಟೇ.

ಒಂದು ಗಾಜಿನ ಪೆಟ್ಟಿಗೆಯ ಲೇಬಲ್: "ಲೋಹದ ಕೆಲಸ, 1793–1880". ಒಳಗೆ ಬಾಲ್ಟಿಮೋರ್ ಶೈಲಿಯ ಬೆಳ್ಳಿ ಹೂಜಿ, ಲೋಟಗಳು. ಮೈತುಂಬ ಉಬ್ಬು ಹೂವು, ಫಳಫಳ ಹೊಳೆಯುವಂಥವು. ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಎರಡೂ ಒಂದೇ ರಾಜ್ಯದ್ದು, ಒಂದೇ ಕಾಲದ್ದು, ಒಂದೇ ಕಟ್ಟಡದಲ್ಲಿ ಇದ್ದದ್ದು. ಬೆಳ್ಳಿಯನ್ನು ಮಾತ್ರ ಹೊರಗಿಟ್ಟು ಬೇಡಿಯನ್ನು ಕೆಳಗೆ ಇಟ್ಟಿದ್ದರು. ಇನ್ನೊಂದು ಕೋಣೆಯಲ್ಲಿ "ಮರಗೆಲಸ" ಅಂತ ಲೇಬಲ್ ಹಾಕಿ, ಶ್ರೀಮಂತರ ಮನೆಯ ಕುರ್ಚಿಗಳನ್ನು ಸಾಲಾಗಿ ಚಾಟಿಯೇಟಿನ ಕಂಬದ ಕಡೆ ಮುಖ ಮಾಡಿ ಇಟ್ಟಿದ್ದ, ನಾಟಕ ನೋಡಲು ಬಂದವರು ಕೂರುವ ಹಾಗೆ. ವಿವರಣೆಯ ಒಂದು ಸಾಲೂ ಇಲ್ಲ. ಆತ ಆಫ್ರಿಕನ್-ಅಮೆರಿಕನ್, ಕ್ಯಾರಿಬ್ (ಕೆರಿಬಿಯನ್ ದ್ವೀಪಗಳ ಮೂಲನಿವಾಸಿ) ಮೂಲದವ. ಆದರೆ ತೋರಿಸಿದ್ದು ತನ್ನ ಉಡುಗೆ ತೊಡುಗೆಯನ್ನಲ್ಲ, ಬೇರೆಯವರು ಏನನ್ನು ಮುಚ್ಚಿಟ್ಟರು ಅನ್ನುವುದನ್ನು. ಕೋಚ್ ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ ನೋಡಿ!

ಇದು ಫ್ಯಾಷನ್ನಾ ಅಂತ ಕೇಳಿದಿರಿ. 2019ರಲ್ಲಿ ಅಮೆರಿಕದ 18 ದೊಡ್ಡ ಮ್ಯೂಸಿಯಂಗಳ ಸಂಗ್ರಹ ಲೆಕ್ಕ ಹಾಕಿದ ಒಂದು ಅಧ್ಯಯನ ಬಂತು. ಕಲಾವಿದರಲ್ಲಿ ಸುಮಾರು 85% ಬಿಳಿಯರು, 87% ಗಂಡಸರು. ಹೊಸ ಕೋಣೆಯಲ್ಲಿ ನಿಮಗೆ ಬೇರೆ ಬೇರೆ ಹೆಸರು ಕಂಡರೂ ಉಗ್ರಾಣದ ಲೆಕ್ಕ ಇದು. ಮಾರುಕಟ್ಟೆ ಇದರಿಂದ ದುಡ್ಡು ಮಾಡಿಲ್ಲ ಅಂತ ಹೇಳಲಾರೆ, ಚೆನ್ನಾಗೇ ಮಾಡಿದೆ. ಆದರೆ ಫ್ಯಾಷನ್ ಆಗಿದ್ದರೆ ಯಾರೂ ಹೆದರುತ್ತಿರಲಿಲ್ಲ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶವೊಂದು, ಜನಾಂಗ ಮತ್ತು ಶಿಲ್ಪದ ಬಗ್ಗೆ ಸ್ಮಿತ್ಸೋನಿಯನ್ ನಡೆಸುತ್ತಿದ್ದ ಪ್ರದರ್ಶನವನ್ನು ಹೆಸರಿಟ್ಟೇ ಟೀಕಿಸಿತು. ಅದೇ ಜುಲೈನಲ್ಲಿ ಏಮಿ ಶೆರಾಲ್ಡ್ ಅನ್ನುವ ಕಪ್ಪು ಕಲಾವಿದೆ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಆಗಬೇಕಿದ್ದ ತಮ್ಮ ಪ್ರದರ್ಶನವನ್ನು ತಾವೇ ಹಿಂದೆಗೆದುಕೊಂಡರು. ಲಿಬರ್ಟಿ ಪ್ರತಿಮೆಯ ಭಂಗಿಯಲ್ಲಿ ಟ್ರಾನ್ಸ್ ಮಹಿಳೆಯೊಬ್ಬರನ್ನು ಬಿಡಿಸಿದ್ದ ಚಿತ್ರದ ಬಗ್ಗೆ ಒಳಗೆ ತಕರಾರು ಎದ್ದಿತ್ತು. ಆ ಪ್ರದರ್ಶನ ಬಾಲ್ಟಿಮೋರ್‌ಗೆ ಹೋಯಿತು. ಮಿಶೆಲ್ ಒಬಾಮಾ ಅವರ ಚಿತ್ರ ಬಿಡಿಸಿದವರು ಇವರೇ. ಚರ್ಮಕ್ಕೆ ಕಂದು ಬಣ್ಣವೇ ಹಾಕದೆ ಬೂದು ಬಣ್ಣದಲ್ಲಿ ಮುಗಿಸುತ್ತಾರೆ. ನೋಡುವವರಿಗೆ ಮೊದಲು ಚರ್ಮದ ಬಣ್ಣ ಕಾಣದೆ ಮನುಷ್ಯ ಕಾಣುತ್ತಾನೆ. ನನಗೆ ಆ ಚಿತ್ರದ ಗೌನ್ ಮುಖಕ್ಕಿಂತ ಇಷ್ಟ. ಹೀಗಂದರೆ ಜೊತೆಯ ಗೈಡ್‌ಗಳು ಮುಖ ಸಿಂಡರಿಸುತ್ತಾರೆ.

ಕೊನೆಗೆ ನನ್ನದೊಂದು ಪ್ರಶ್ನೆ ಮೇಡಂ. ಅವಳು ಪಾರ್ಕಿಂಗ್ ಲಾಟನ್ನೇ ಯಾಕೆ ಬಿಡಿಸುತ್ತಾಳೆ ಅಂತ ಯಾವತ್ತಾದರೂ ಕೇಳಿದ್ದೀರಾ?

ಮೇರಿಲ್ಯಾಂಡ್_ಅಮ್ಮ

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅವಳಿಗೇ ಓದಿ ಹೇಳಿದೆ. ಬೇಡಿ ಮತ್ತು ಬೆಳ್ಳಿಯ ಹತ್ತಿರ ಬಂದಾಗ ಫೋನ್ ಕಿತ್ತುಕೊಂಡು ಫೋಟೋ ಹುಡುಕಿದಳು.

ಪಾರ್ಕಿಂಗ್ ಲಾಟ್ ಯಾಕೆ ಅಂತ ಕೇಳಿದೆ. "ಅಲ್ಲಿ ಕಪ್ಪು ಚೆನ್ನಾಗಿರುತ್ತೆ" ಅಂದಳು. ನಾನು ಬೇರೇನೋ ಹೇಳುತ್ತಾಳೆ ಅಂದುಕೊಂಡಿದ್ದೆ, ಒಂಟಿತನ ಅದೂ ಇದೂ. ಅಷ್ಟೇ ಅಂದಳು. ಇದನ್ನು ಕಾಲೇಜಿಗೆ ಬರೆದು ಕಳಿಸೋಕಾಗುತ್ತಾ?

ಮಿನಿಯಾಪೊಲಿಸ್_ಚಳಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಗೈಡ್ ಅವರು ಹೇಳಿದ್ದಕ್ಕೆಲ್ಲ ಹೌದು. ಆದರೆ "ಯಾರು ಏನನ್ನಾದರೂ ಬಿಡಿಸಬಹುದು" ಅಂತ ಮಗಳು ತಿಳಿದುಕೊಂಡರೆ ಕಷ್ಟ. ಇಲ್ಲಿ ನಮ್ಮೂರಲ್ಲಿ 2017ರಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿ.

ವಾಕರ್ ಆರ್ಟ್ ಸೆಂಟರ್‌ನ ಶಿಲ್ಪದ ತೋಟದಲ್ಲಿ ಸ್ಯಾಮ್ ಡ್ಯುರಾಂಟ್ ಅನ್ನುವ ಬಿಳಿ ಕಲಾವಿದರ "ಸ್ಕ್ಯಾಫೋಲ್ಡ್" ನಿಲ್ಲಿಸಿದರು. ದೊಡ್ಡ ಮರದ ರಚನೆ. ಅಮೆರಿಕದ ಇತಿಹಾಸದ ಏಳು ಗಲ್ಲುಗಂಬಗಳನ್ನು ಒಂದರೊಳಗೊಂದು ಸೇರಿಸಿ ಕಟ್ಟಿದ್ದು. ಅದರಲ್ಲೊಂದು ಮ್ಯಾಂಕಾಟೊದ್ದು, ಇದೇ ಮಿನೆಸೋಟ ರಾಜ್ಯ. 1862ರ ಡಿಸೆಂಬರ್ 26ರಂದು ಇಲ್ಲಿನ ಮೂಲನಿವಾಸಿಗಳಾದ 38 ಡಕೋಟಾ ಗಂಡಸರನ್ನು ಅಲ್ಲಿ ಒಟ್ಟಿಗೆ ಗಲ್ಲಿಗೇರಿಸಿದರು. ಈ ದೇಶದಲ್ಲಿ ಒಂದೇ ದಿನ ಅಷ್ಟು ಜನರನ್ನು ಗಲ್ಲಿಗೆ ಹಾಕಿದ್ದು ಬೇರೆಲ್ಲೂ ಇಲ್ಲ. ಕಲಾವಿದರ ಉದ್ದೇಶ ಒಳ್ಳೆಯದೇ, ಮರಣದಂಡನೆಯನ್ನು ಖಂಡಿಸುವುದು. ಕೆಲಸ ಮೊದಲು ಜರ್ಮನಿಯ ಕಾಸೆಲ್‌ನಲ್ಲಿ ನಿಂತಿತ್ತು, ಗಲಾಟೆ ಆಗಿರಲಿಲ್ಲ. ಇಲ್ಲಿ ಮಾತ್ರ ಅದು ನಿಂತದ್ದು ಡಕೋಟಾ ಜನರ ನೆಲದ ಮೇಲೆ, ಅವರನ್ನು ಒಂದು ಮಾತೂ ಕೇಳದೆ, ಮಕ್ಕಳು ಹತ್ತಿ ಆಡುವ ತೋಟದಲ್ಲಿ.

ಬೇಲಿಯ ಮೇಲೆ ಬರಹದ ಬೋರ್ಡುಗಳು ಬಂದವು. ಹಿರಿಯರು ಕೂತು ಮಾತಾಡಿದರು. ಜೂನ್ ಮೊದಲ ವಾರಕ್ಕೆ ಅವರ ಮುಂದಾಳತ್ವದಲ್ಲೇ ಅದನ್ನು ಕಳಚಿದರು. ಕಲಾವಿದರು ಆ ಕೃತಿಯ ಹಕ್ಕನ್ನೇ ಡಕೋಟಾ ಜನರಿಗೆ ಬಿಟ್ಟುಕೊಟ್ಟರು. ಆಮೇಲೆ ಅದೇ ತೋಟಕ್ಕೆ ಏಂಜೆಲಾ ಟೂ ಸ್ಟಾರ್ಸ್ ಅನ್ನುವ ಡಕೋಟಾ ಕಲಾವಿದೆಯಿಂದ ಹೊಸ ಕೆಲಸ ಮಾಡಿಸಿದರು, 2021ರಲ್ಲಿ. ಜನ ಒಳಗೆ ಹೋಗಿ ಕೂರುವಂಥದ್ದು, ಡಕೋಟಾ ಭಾಷೆಯ ಸುತ್ತ ಕಟ್ಟಿದ್ದು.

ಆ ವಿವಾದದ ದಿನಗಳಲ್ಲಿ ನಮ್ಮ ಮನೆಯಲ್ಲಿ "ಕಲೆಯನ್ನು ಕೆಡವೋದು ತಪ್ಪು" ಅಂತ ನನ್ನವರು, "ಕೇಳದೆ ಕಟ್ಟಿದ್ದು ತಪ್ಪು" ಅಂತ ನಾನು. ಇವತ್ತಿಗೂ ಮುಗಿದಿಲ್ಲ.

ಭಾನುವಾರದ_ಗೈಡ್

ಚಳಿ ಅವರ ಮಾತು ಸರಿ. ಆದರೆ ಆ ಭಯ ಪಾರ್ಕಿಂಗ್ ಲಾಟಿಗೆ ತಟ್ಟುವುದಿಲ್ಲ. ಯಾರ ನೋವನ್ನೂ ಈ ಹುಡುಗಿ ಎರವಲು ತಂದಿಲ್ಲ. ಮೆಹಂದಿ ಕೈ ಬಿಡಿಸಿದರೆ ತನ್ನ ಅಜ್ಜಿಯನ್ನೇ ಎರವಲು ತಂದ ಹಾಗೆ, ಅದಕ್ಕೇ ಅವಳು ರೇಗಿದ್ದು ಅಂತ ನನ್ನ ಊಹೆ.

ಮೇಡಂ, "ಕಪ್ಪು ಚೆನ್ನಾಗಿರುತ್ತೆ" ಒಳ್ಳೆಯ ಉತ್ತರ. ಅದನ್ನೇ ಬೆಳೆಸಿ ಬರೆಯಲಿ. ಇದಕ್ಕಾಗಿ ಅವಳು ನೋಡಲೇಬೇಕಾದವರು ಕೆರ್ರಿ ಜೇಮ್ಸ್ ಮಾರ್ಷಲ್. ಶಿಕಾಗೋದವರು. ಅವರ ಚಿತ್ರಗಳಲ್ಲಿ ಜನರ ಮೈ ಕಂದು ಅಲ್ಲ, ಅಪ್ಪಟ ಕಪ್ಪು. ಪಾಶ್ಚಾತ್ಯ ಚಿತ್ರಗಳಲ್ಲಿ ಕಪ್ಪು ಜನ ಇಲ್ಲವೇ ಇಲ್ಲ, ಇದ್ದರೂ ಮೂಲೆಯಲ್ಲಿ. ಹಾಗಾದರೆ ಕಣ್ಣು ತಪ್ಪಿಸಲಾಗದಷ್ಟು ಕಪ್ಪಾಗಿ ಬಿಡಿಸುತ್ತೇನೆ ಅನ್ನುವುದು ಅವರ ಪಟ್ಟು. ಆದರೆ ಕಪ್ಪನ್ನು ಬರೀ ಬಳಿದರೆ ಅದು ಕ್ಯಾನ್ವಾಸಿನಲ್ಲಿ ತೂತಾಗುತ್ತದೆ, ಮೈ ಆಗುವುದಿಲ್ಲ. ಅವರು ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಮೂರನ್ನೂ ಬೇರೆ ಬೇರೆಯಾಗಿ ಬಳಸುತ್ತಾರೆ. ಒಂದಕ್ಕೆ ನೀಲಿ ಸೇರಿಸುತ್ತಾರೆ, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ನೇರಳೆ. ಪುಸ್ತಕದಲ್ಲಿ, ಫೋನಿನಲ್ಲಿ ಎಲ್ಲ ಒಂದೇ ಮಸಿಯಾಗಿ ಕಾಣುತ್ತದೆ. ಎದುರು ನಿಂತರೆ ಕೆನ್ನೆಯ ಕಪ್ಪು ಒಂದು, ಕತ್ತಿನ ಕಪ್ಪು ಇನ್ನೊಂದು. ಕಪ್ಪಿನ ಒಳಗೇ ಮೂಗು ತುಟಿ ಮೂಡಿರುತ್ತವೆ.

ಒದ್ದೆ ಡಾಂಬರು ಬಿಡಿಸುವವಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ? ಅವರ "ಗ್ರೇಟ್ ಅಮೆರಿಕಾ" (1994) ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನ ಸಂಗ್ರಹದಲ್ಲಿದೆ. ಜಾತ್ರೆಯ ದೋಣಿಯಾಟದಂಥ ದೃಶ್ಯ, ಪುಟ್ಟ ದೋಣಿಯಲ್ಲಿ ಒತ್ತಿಕೊಂಡು ಕೂತ ಕಪ್ಪು ಜನ. ಆ ದೋಣಿ ಯಾವ ಹಡಗನ್ನು ನೆನಪಿಸುತ್ತದೆ ಅಂತ ಅವಳಿಗೇ ಹೊಳೆಯುತ್ತದೆ, ನೀವು ಹೇಳಬೇಡಿ.

ನಮ್ಮ ಉಪಖಂಡದವರದ್ದೂ ಒಂದು ಬೇಕಿದ್ದರೆ ಜರೀನಾ ಅವರನ್ನು ನೋಡಲಿ. ಅಲಿಗಢದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ದಶಕಗಟ್ಟಲೆ ಬಾಳಿದವರು. 1999ರಲ್ಲಿ ಮಾಡಿದ 36 ಮರದಚ್ಚುಗಳ ಸರಣಿ ಇದೆ. ಮನೆ, ಹೊಸ್ತಿಲು, ಬಾಗಿಲು, ಹೀಗೆ ಒಂದೊಂದಕ್ಕೆ ಒಂದೊಂದು ಉರ್ದು ಪದ, ಕೆಲವೇ ಕಪ್ಪು ಗೆರೆ. ಸೀರೆ ಇಲ್ಲ, ದೇವರಿಲ್ಲ. ದೇಶ ವಿಭಜನೆಯ ಗಡಿಯನ್ನು ಬೇರೊಂದು ಅಚ್ಚಿನಲ್ಲಿ ಮಾಡಿದ್ದಾರೆ. ಗೆರೆಯೊಂದನ್ನು ಉಳಿಸಿಕೊಂಡು ಅಕ್ಕಪಕ್ಕದ ಮರವನ್ನೆಲ್ಲ ಕೆತ್ತಿ ತೆಗೆದದ್ದು. ಟೀಚರ್‌ಗೆ ತೋರಿಸುವುದಾದರೆ ಇದನ್ನು ತೋರಿಸಿ.

ಬರೆಯುವಾಗ ಮಾತ್ರ ಕ್ಷಮೆ ಕೇಳುವ ಧಾಟಿ ಬೇಡ. "ನಾನು ಇಂಡಿಯನ್ ಆದರೂ ಪಾರ್ಕಿಂಗ್ ಲಾಟ್ ಬಿಡಿಸುತ್ತೇನೆ" ಅಂತ ಶುರು ಮಾಡಿದರೆ ಕೋಚ್ ಗೆದ್ದ ಹಾಗೆ. ಯಾವ ಕಪ್ಪಿಗೆ ಏನು ಬೆರೆಸಿದಳು, ಯಾವ ಹೊತ್ತಿನಲ್ಲಿ ನಿಂತು ನೋಡಿದಳು, ಕಾರ್ಟನ್ನು ಯಾಕೆ ಮೂಲೆಗೆ ಇಟ್ಟಳು, ಅಷ್ಟು ಬರೆಯಲಿ.

ಜರ್ಸಿ_ರಘು

ಸರ್, ಒಪ್ಪಿದೆ ಅಂತ ಹೇಳಲ್ಲ, ಆದರೆ ಆ ಬೇಡಿಯ ಫೋಟೋ ನಾನೂ ಹುಡುಕಿ ನೋಡಿದೆ. ಸೀಟು ಸಿಗದಿದ್ದರೆ ಅಕ್ಕ ನಿಮ್ಮನ್ನೇ ಕೇಳ್ತಾರೆ, ನೆನಪಿರಲಿ!

ಮೇರಿಲ್ಯಾಂಡ್_ಅಮ್ಮ

ರಘು, ಸೀಟಿನ ಚಿಂತೆ ಅವರಪ್ಪನಿಗೆ ಬಿಟ್ಟಿದ್ದೇನೆ. ಸರ್, ಈ ಶನಿವಾರ ಹೋಗೋಣ ಅಂತಿದ್ದೇವೆ. ಒಂದೇ ದಿನಕ್ಕೆ ಎರಡೂ ಕಡೆ ಆಗುತ್ತಾ? ಅವಳು ಅಲ್ಲೇ ಕೂತು ಸ್ಕೆಚ್ ಮಾಡಬಹುದಾ?

ಭಾನುವಾರದ_ಗೈಡ್

ಎರಡಕ್ಕೂ ಟಿಕೆಟ್ ಇಲ್ಲ, ಪೂರ್ತಿ ಬಿಟ್ಟಿ. ಬೆಳಿಗ್ಗೆ ನ್ಯಾಷನಲ್ ಗ್ಯಾಲರಿಯ ಈಸ್ಟ್ ಬಿಲ್ಡಿಂಗ್‌ಗೆ ಹೋಗಿ. ಅಮೆರಿಕನ್ ಆರ್ಟ್ ಮ್ಯೂಸಿಯಂ ಬಾಗಿಲು ತೆಗೆಯುವುದೇ 11.30ಕ್ಕೆ, ಸಂಜೆ 7ರವರೆಗೆ ಇರುತ್ತದೆ. ನ್ಯಾಷನಲ್ ಗ್ಯಾಲರಿಯಿಂದ ನಡೆದೇ ಹೋಗಬಹುದು. ಪೋರ್ಟ್ರೇಟ್ ಗ್ಯಾಲರಿಯೂ ಅದೇ ಕಟ್ಟಡದಲ್ಲಿದೆ, ಹಳೆಯ ಪೇಟೆಂಟ್ ಆಫೀಸು. ಕೃತಿಗಳನ್ನು ಆಗಾಗ ಬದಲಾಯಿಸುತ್ತಾರೆ, ಹೊರಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಯಾವುದು ಗೋಡೆಯ ಮೇಲಿದೆ ನೋಡಿಕೊಳ್ಳಿ. ಪೆನ್ಸಿಲ್, ಚಿಕ್ಕ ಸ್ಕೆಚ್ ಬುಕ್ ಸಾಕು. ಪೇಂಟು, ಪೆನ್ನು ತೆಗೆದರೆ ಗಾರ್ಡ್ ಬಂದು ಬೇಡ ಅಂತಾರೆ.